ರೇಸ್ ಕ್ಯಾಮ್ (ಎಂಜಿನ್ನಿನ ವಾಲ್ವ್ ತೆರೆದು ಮುಚ್ಚೋ ಶಾಫ್ಟ್, ರೇಸಿಗೆಂದು ಮಾಡಿದ್ದು) ಹಾಕಿಸಿದ ಮೇಲೆ ಚೋರ್ಲಾ ಘಾಟಿನಲ್ಲಿ ಜಿಪ್ಸಿ ಎಳೆಯುತ್ತಿಲ್ಲ. ದೊಡ್ಡ ಇಂಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ತರೋ ಕೊಳವೆಗಳು) ಹಾಕಿದರೆ ಸರಿ ಹೋಗುತ್ತಾ?

ದಯವಿಟ್ಟು ಹಾಕಬೇಡಿ. ಈಗಿರೋ ತೊಂದರೆ ಇನ್ನೂ ಜಾಸ್ತಿ ಆಗುತ್ತದೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಎಂಜಿನ್ ಹೆಡ್ (ವಾಲ್ವ್ ಇರೋ ಮೇಲ್ಭಾಗ) ಕೆಲಸ ಮಾಡುತ್ತೇನೆ. ಬಂದವರೆಲ್ಲ ಪವರ್ ಬೇಕು ಅನ್ನುತ್ತಾರೆ, ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ) ಬೇಕು ಅನ್ನೋದನ್ನ ಹೇಳುವುದಿಲ್ಲ. ಜಿಪ್ಸಿ ಕಿಂಗ್‌ನ 1298 ಸಿಸಿ ಎಂಜಿನ್ ಕಂಪನಿಯಿಂದ ಬಂದಾಗಲೇ ಪೂರ್ತಿ ಟಾರ್ಕ್, ಅಂದರೆ ಎಳೆಯೋ ಬಲ, ಕೊಡೋದು 4500 ಆರ್‌ಪಿಎಂನಲ್ಲಿ. ಘಾಟಿನ ತಿರುವಿನಲ್ಲಿ ನೀವು 2000ದ ಆಸುಪಾಸು ಇರುತ್ತೀರಿ, ಅಲ್ವಾ?

ರೇಸ್ ಕ್ಯಾಮ್, ಗಾಳಿ ಒಳಗೆ ಬಿಡೋ ಇಂಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಕೆಳಗೆ ಮುಟ್ಟಿ ಮೇಲೆ ಬರುತ್ತಿದ್ದರೂ ಬಾಗಿಲು ತೆರೆದೇ ಇರುತ್ತದೆ. 6000ದಲ್ಲಿ ಗಾಳಿ ಜೋರಾಗಿ ನುಗ್ಗುತ್ತಿರುತ್ತದೆ, ಪಿಸ್ಟನ್ ಎದುರು ಬಂದರೂ ಒಳಗೇ ತುಂಬುತ್ತದೆ. 2000ದಲ್ಲಿ ಆ ವೇಗ ಇಲ್ಲ. ಸಿಲಿಂಡರಿಗೆ ಬಂದ ಗಾಳಿಯೇ ಮ್ಯಾನಿಫೋಲ್ಡಿಗೆ ವಾಪಸ್ ಹೋಗುತ್ತದೆ. ನಿಮ್ಮ ಪಿಕಪ್ ಹೋಗಿರೋದು ಅಲ್ಲೇ.

ಮ್ಯಾನಿಫೋಲ್ಡಿನ ಕೊಳವೆಯೂ ಇದೇ ಲೆಕ್ಕ. ಉದ್ದ ಮತ್ತು ಸಣ್ಣ ಬಾಯಿಯದು ಕಡಿಮೆ ಆರ್‌ಪಿಎಂನಲ್ಲೂ ಗಾಳಿಯ ವೇಗ ಉಳಿಸುತ್ತದೆ. ಗಿಡ್ಡ, ಅಗಲವಾದದ್ದು ಮೇಲಿನ ಆರ್‌ಪಿಎಂಗೆ. ರೇಸ್ ಕ್ಯಾಮಿಗೆ ಅಗಲದ್ದೇ ಜೋಡಿ, ನಿಜ. ಆದರೆ ಆ ಜೋಡಿ ಟ್ರ್ಯಾಕಿನಲ್ಲಿ ಓಡೋ ಗಾಡಿಗೆ. ಘಾಟಿಗೆ ಎರಡೂ ಬೇಡ.

ಇನ್ನೊಂದು ಮಾತು. ಇಂಥ ಕ್ಯಾಮಿನಲ್ಲಿ ಇಂಟೇಕ್ ವಾಲ್ವ್, ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವ್ ಎರಡೂ ಜಾಸ್ತಿ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಆಕ್ಸಿಲರೇಟರ್ ಒತ್ತದೆ ಎಂಜಿನ್ ಸ್ಲೋದಲ್ಲಿದ್ದಾಗ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ (ಗಾಳಿ ಎಳೆಯೋ ಸೆಳೆತ) ಕಡಿಮೆ ಆಗುತ್ತದೆ. ಬ್ರೇಕ್ ಪೆಡಲ್ ಹಗುರ ಮಾಡೋ ಬೂಸ್ಟರ್ ಆ ವ್ಯಾಕ್ಯೂಮ್ ಮೇಲೇ ಕೆಲಸ ಮಾಡೋದು. ಪೆಡಲ್ ಗಟ್ಟಿ ಅನ್ನಿಸಿದರೆ ಘಾಟಿಗೆ ಹೋಗಲೇಬೇಡಿ. ಇದನ್ನ ಸಣ್ಣದು ಅಂತ ಬಿಡಬೇಡಿ.

ನನ್ನ ಹಳೇ ಗಾಡಿಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ, ಮೊದಲು ಮ್ಯಾನಿಫೋಲ್ಡ್ ಅಗಲ ಮಾಡಿಸಿದ್ದೆ. ಕೊರೆದ ಲೋಹ ವಾಪಸ್ ಬರಲ್ಲ. ನಿಮ್ಮದು ಕ್ಯಾಮ್ ಮಾತ್ರ, ತೆಗೆಯಬಹುದು. ಅಡ್ಜಸ್ಟ್ ಆಗೋ ಪುಲ್ಲಿ ಹಾಕಿ ಕ್ಯಾಮನ್ನು 2-4 ಡಿಗ್ರಿ ಮುಂದೆ ತಂದರೆ (ವಾಲ್ವ್ ಸ್ವಲ್ಪ ಬೇಗ ತೆರೆದು ಮುಚ್ಚುವಂತೆ) ಕೆಳಗಿನ ಎಳೆತ ಸ್ವಲ್ಪ ಬರುತ್ತದೆ. ಆದರೆ ಆಗ ಇಂಟೇಕ್ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ, ಅವೆರಡರ ನಡುವಿನ ಗ್ಯಾಪ್ ಅಳೆಯದೆ ಸ್ಟಾರ್ಟ್ ಮಾಡಿದರೆ ವಾಲ್ವ್ ಬಾಗಬಹುದು. ನಾನಾದರೆ ಹಳೇ ಕ್ಯಾಮನ್ನೇ ವಾಪಸ್ ಹಾಕಿ, ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತೋ ಭಾಗಕ್ಕೂ ನಡುವಿನದು) ಹೊಸದಾಗಿ ಸೆಟ್ ಮಾಡಿಸುತ್ತೇನೆ.

ಹಾಗೇ ಮ್ಯಾನಿಫೋಲ್ಡ್ ಬಿಚ್ಚಿದಾಗ ಅದಕ್ಕೂ ಹೆಡ್ಡಿಗೂ ನಡುವೆ ಕೂರೋ ತೆಳು ಹಾಳೆ, ಗ್ಯಾಸ್ಕೆಟ್ಟನ್ನು ಹೆಡ್ಡಿನ ಮೇಲಿಟ್ಟು ನೋಡಿ. ಗ್ಯಾಸ್ಕೆಟ್ಟಿನ ಅಂಚು ಗಾಳಿಯ ದಾರಿಗೆ ಅಡ್ಡ ಬಂದಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ, ಹೆಡ್ ಮುಟ್ಟಬೇಡಿ. ಹಳೇ ಕ್ಯಾಮ್ ಇನ್ನೂ ನಿಮ್ಮ ಹತ್ತಿರ ಇದೆಯಾ?