ಅಡಿಕೆ ತೋಟದ ಸೆನ್ಸರ್‌ಗಳಿಗೆ ಬೇಸ್ ಸ್ಟೇಷನ್ ಗುಡ್ಡದ ಮೇಲೆ ಹಾಕಬೇಕಾ?

ಹೊಳಲ್ಕೆರೆ ಕಡೆಯ ತೋಟಗಳಲ್ಲಿ ಮಣ್ಣಿನ ತೇವ, ಬೋರ್‌ವೆಲ್ ನೀರಿನ ಮಟ್ಟ, ಮಳೆ ಅಳೆಯುವ ಸೆನ್ಸರ್ ಇಡುತ್ತಿದ್ದೇನೆ, ಎಲ್ಲವೂ ಹತ್ತು ಕಿಲೋಮೀಟರ್ ಒಳಗಿವೆ ಎಂದಿದ್ದೀರಿ. ಲೋರಾ (ಕಡಿಮೆ ಕರೆಂಟಿನಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವ) ರೇಡಿಯೊ ಬೇಸ್ ಸ್ಟೇಷನ್ನನ್ನು ಗುಡ್ಡದ ತುದಿಗೆ ಹಾಕಿದರೆ ಸಾಕೇ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಚಿತ್ರದುರ್ಗದವನು, ಇದೇ ಕೆಲಸ ಮಾಡುತ್ತೇನೆ. ಗುಡ್ಡದ ತುದಿ ಬೇಡ. ಊರೊಳಗೆ, ದಿನಾ ಯಾರಾದರೂ ಓಡಾಡುವ ಕಡೆ ಎತ್ತರದ ಜಾಗ ಹುಡುಕಿ. ಗ್ರಾಮ ಪಂಚಾಯಿತಿಯ ಓವರ್‌ಹೆಡ್ ಟ್ಯಾಂಕ್ ನನ್ನ ಮೊದಲ ಆಯ್ಕೆ.

ಎತ್ತರ ಬೇಕು ಅನ್ನುವುದೇನೋ ನಿಜ. ನಮ್ಮಲ್ಲಿ ಲೋರಾ ಓಡುವುದು ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್‌ನಲ್ಲಿ. ಈ ತರಂಗ ಸಪೂರ ಗೆರೆಯಲ್ಲಿ ಹೋಗುವುದಿಲ್ಲ, ದಾರಿಯ ನಡುವೆ ಉಬ್ಬಿಕೊಂಡಿರುತ್ತದೆ. ಇದಕ್ಕೆ ಫ್ರೆಸ್ನೆಲ್ ವಲಯ ಅನ್ನುತ್ತಾರೆ. ಹತ್ತು ಕಿಲೋಮೀಟರ್ ದೂರಕ್ಕೆ ನಡುಭಾಗದಲ್ಲಿ ಅದರ ತ್ರಿಜ್ಯ ಸುಮಾರು 29 ಮೀಟರ್. ಅದರಲ್ಲಿ ಶೇಕಡ 60, ಅಂದರೆ 18 ಮೀಟರ್‌ನಷ್ಟಾದರೂ ಏನೂ ಅಡ್ಡ ಇರಬಾರದು. ಹಾಗಾಗಿ ಟ್ಯಾಂಕ್ ಮೇಲಿಂದ ತೋಟ ಕಣ್ಣಿಗೆ ಕಂಡರಷ್ಟೇ ಸಾಲದು. ನಡುವೆ ತೆಂಗಿನ ಸಾಲು ಇದ್ದರೆ ಸಿಗ್ನಲ್ ಅಲ್ಲೇ ಸೊರಗುತ್ತದೆ.

ಮತ್ತೆ ಗುಡ್ಡ ಯಾಕೆ ಬೇಡ? ನಮ್ಮ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೋಡಿ ಆಸೆ ಆಗುವುದು ಸಹಜ. ಆದರೆ ಎಷ್ಟೋ ಗುಡ್ಡಗಳು ಅರಣ್ಯ ಇಲಾಖೆಯವು. ಜೋಗಿಮಟ್ಟಿಯಂಥ ಕಡೆ ಅನುಮತಿ ಇಲ್ಲದೆ ಒಂದು ಕಂಬವನ್ನೂ ನೆಡುವಂತಿಲ್ಲ. ಚಿತ್ರದುರ್ಗದ ಕೋಟೆಯ ಹತ್ತಿರವಂತೂ ಯೋಚಿಸಲೇಬೇಡಿ. ಪುರಾತತ್ವ ಕಾನೂನಿನ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಷಾಢದ ಗಾಳಿಯಲ್ಲಿ ಒಂದು ಕನೆಕ್ಟರ್ ಸಡಿಲವಾದರೆ ಯಾರು ಹತ್ತುತ್ತಾರೆ? ಟ್ಯಾಂಕ್ ಆದರೆ ನೀರು ಬಿಡುವ ವಾಟರ್‌ಮನ್ ದಿನಾ ಬರುತ್ತಾರೆ. ಹಸಿರು ದೀಪ ಉರಿಯುತ್ತಿದೆಯಾ ನೋಡಿ ಹೇಳಿ ಅಂದರೆ ಸಂತೋಷದಿಂದ ಹೇಳುತ್ತಾರೆ. ಅವರ ಆ ಒಂದು ಫೋನ್ ಕರೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಪಂಚಾಯಿತಿಯಿಂದ ಲಿಖಿತ ಒಪ್ಪಿಗೆ ತಗೊಳ್ಳಿ. ಹತ್ತುವ ಮುಂಚೆ ಟ್ಯಾಂಕಿನ ಅಡಿಯಲ್ಲಿ ಹೆಜ್ಜೇನು ಕಟ್ಟಿದೆಯಾ ನೋಡಿ, ಇದು ಪ್ರಾಣದ ಪ್ರಶ್ನೆ.

ಜಾಸ್ತಿ ಗೇನ್ (ಸಿಗ್ನಲನ್ನು ಒಂದು ದಿಕ್ಕಿಗೆ ಒಟ್ಟುಮಾಡುವ ಬಲ, ಅದರ ಅಳತೆ ಡಿಬಿಐ) ಇರುವ ಆಂಟೆನಾ ಅಂತ 10 ಡಿಬಿಐನದ್ದಕ್ಕೆ ಹೋಗಬೇಡಿ. ಅದರ ಕಿರಣ ಮೇಲೆ-ಕೆಳಗೆ ಚಪ್ಪಟೆಯಾಗಿರುತ್ತದೆ, ಬುಡದಲ್ಲೇ ಇರುವ ತೋಟಗಳು ತಪ್ಪಿಹೋಗಬಹುದು. ಐದಾರು ಡಿಬಿಐ ಸಾಕು. ಗೇಟ್‌ವೇಯನ್ನು (ಸೆನ್ಸರ್‌ಗಳ ಸಂದೇಶ ಹಿಡಿದು ಇಂಟರ್‌ನೆಟ್‌ಗೆ ಕಳಿಸುವ ಬೇಸ್ ಸ್ಟೇಷನ್ ಯಂತ್ರ) ಆಂಟೆನಾದ ಪಕ್ಕದಲ್ಲೇ ಮಳೆ ತಡೆಯುವ ಪೆಟ್ಟಿಗೆಯಲ್ಲಿ ಇಟ್ಟು, ಕೆಳಗಿನಿಂದ ಪಿಒಇ ಕೇಬಲ್ (ಕರೆಂಟ್, ಡೇಟಾ ಎರಡನ್ನೂ ಒಯ್ಯುವ ನೆಟ್‌ವರ್ಕ್ ಕೇಬಲ್) ಎಳೆಯಿರಿ. ಗೇಟ್‌ವೇ ಕೆಳಗಿಟ್ಟು ಆಂಟೆನಾದವರೆಗೆ ಆರ್‌ಜಿ-58 ಅನ್ನುವ ಸಪೂರ ಆಂಟೆನಾ ಕೇಬಲ್ ಹತ್ತು ಮೀಟರ್ ಹಾಕಿದರೆ ಸುಮಾರು 5 ಡೆಸಿಬಲ್ ಹೋಗುತ್ತದೆ, ಅಂದರೆ ಮೂರನೇ ಎರಡು ಭಾಗ ಶಕ್ತಿ ದಾರಿಯಲ್ಲೇ ಖರ್ಚು.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯನ್ನು ಹಗುರವಾಗಿ ತಗೊಳ್ಳಬೇಡಿ. ಆಂಟೆನಾ ಕೇಬಲ್‌ಗೆ ಸರ್ಜ್ ಅರೆಸ್ಟರ್ (ಸಿಡಿಲಿನಿಂದ ನುಗ್ಗುವ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿ, ನೆಟ್‌ವರ್ಕ್ ಕೇಬಲ್‌ಗೂ ಹಾಕಿ. ಕಂಬ, ಪೆಟ್ಟಿಗೆ, ಅರೆಸ್ಟರ್ ಎಲ್ಲದರ ಅರ್ಥಿಂಗ್ ಒಂದಕ್ಕೊಂದು ಸೇರಿರಲಿ. ನಮ್ಮದು ಕಲ್ಲು ನೆಲ, ಒಂದೇ ರಾಡ್ ಹೊಡೆದರೆ ಅರ್ಥ್ ಸರಿಯಾಗಿ ಸಿಗುವುದಿಲ್ಲ. ಉದ್ದಕ್ಕೆ ಪಟ್ಟಿ ಹೂಳಿಸಿ, ಅಳತೆ ಮಾಡಿಸಿ. ದುಡ್ಡು ಉಳಿಸುವ ಜಾಗ ಇದಲ್ಲ.

ಕರೆಂಟ್‌ಗೆ ಲೆಕ್ಕ ಸುಲಭ. ಗೇಟ್‌ವೇ 5 ವ್ಯಾಟ್ ಎಳೆದರೆ ದಿನಕ್ಕೆ 120 ವ್ಯಾಟ್-ಅವರ್. ಮೋಡ ಮುಚ್ಚಿದ ಮೂರು ದಿನಕ್ಕೆ 360. ಲಿಥಿಯಂ ಆದರೆ 12 ವೋಲ್ಟ್‌ನ 40 ಆಂಪಿಯರ್-ಅವರ್ ಬ್ಯಾಟರಿ, 100 ವ್ಯಾಟ್ ಸೋಲಾರ್ ಪ್ಯಾನೆಲ್ ಇಟ್ಟುಕೊಳ್ಳಿ.

ಮೊಬೈಲ್ ನೆಟ್‌ವರ್ಕ್ ಹೋದಾಗ ಆಗುವುದನ್ನು ಜನ ಯೋಚಿಸುವುದೇ ಇಲ್ಲ. ಎಷ್ಟೋ ಗೇಟ್‌ವೇಗಳು ಡೇಟಾ ಹಿಡಿದಿಟ್ಟುಕೊಳ್ಳುವುದಿಲ್ಲ, ಆಗ ಬಂದದ್ದು ಹೋಯಿತು ಅಷ್ಟೇ. ಅದಕ್ಕೇ ನಾನು ಸೆನ್ಸರ್‌ನ ಪ್ರತಿ ಸಂದೇಶದಲ್ಲೂ ಹಿಂದಿನ ಕೆಲವು ಅಳತೆಗಳನ್ನು ಸೇರಿಸಿ ಕಳಿಸುತ್ತೇನೆ. ಒಂದೆರಡು ಸಂದೇಶ ಕಳೆದರೂ ಮಳೆಯ ಲೆಕ್ಕ ತಪ್ಪುವುದಿಲ್ಲ. ಸಂದೇಶ ಚಿಕ್ಕದಿರಲಿ. ಎಸ್‌ಎಫ್ ಅಂದರೆ ಲೋರಾದ ವೇಗದ ಹಂತ, ಸಂಖ್ಯೆ ದೊಡ್ಡದಾದಷ್ಟೂ ನಿಧಾನ, ಆದರೆ ದೂರ ಮುಟ್ಟುತ್ತದೆ. ಎಸ್‌ಎಫ್7ರಲ್ಲಿ ಹತ್ತು ಬೈಟ್ ಕಳಿಸಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ, ಎಸ್‌ಎಫ್12ರಲ್ಲಿ ಸೆಕೆಂಡಿಗಿಂತ ಜಾಸ್ತಿ ಬೇಕು. ಸೆನ್ಸರ್ ಬ್ಯಾಟರಿ ಹೋಗುವುದೂ ಅಲ್ಲೇ.

ಏನನ್ನೂ ಕೊಳ್ಳುವ ಮೊದಲು ಟ್ಯಾಂಕ್ ಮೇಲೆ ಒಂದು ಗೇಟ್‌ವೇಯನ್ನು ಎರವಲು ತಂದು ತಾತ್ಕಾಲಿಕವಾಗಿ ಕಟ್ಟಿ. ಪರೀಕ್ಷೆಯ ನೋಡ್ (ಸಂದೇಶ ಕಳಿಸುವ ಚಿಕ್ಕ ಲೋರಾ ರೇಡಿಯೊ) ಹಿಡಿದು ಒಂದೊಂದೇ ತೋಟಕ್ಕೆ ಹೋಗಿ. ಮಳೆ ಬಿಟ್ಟ ಮೇಲೆ, ಎಲೆ ಇನ್ನೂ ಒದ್ದೆ ಇರುವಾಗ ಹೋಗಬೇಕು, ಒಣ ಬಿಸಿಲಿನಲ್ಲಿ ಬಂದ ಸಿಗ್ನಲ್ ನಂಬಬೇಡಿ. ಸೆನ್ಸರ್ ತೋಟದೊಳಗಿದ್ದರೂ ಆಂಟೆನಾ ಅಂಚಿಗೆ, ಪಂಪ್‌ಸೆಟ್ ಮನೆಯ ಮೇಲೆ ಬರುವ ಹಾಗೆ ನೋಡಿಕೊಳ್ಳಿ. ಎಸ್‌ಎಫ್10ರಲ್ಲಿ ಎಸ್‌ಎನ್‌ಆರ್ (ಸುತ್ತಲಿನ ರೇಡಿಯೊ ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲ ಅನ್ನುವ ಅಳತೆ) ಮೈನಸ್ 15 ಡೆಸಿಬಲ್ ಅಂದರೆ ಅದೇ ಕೊನೆ ಮಿತಿ. ಮೈನಸ್ 5ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. ಅದಕ್ಕಿಂತ ಕೆಳಗೆ ಬೀಳುವ ತೋಟಗಳು ಒಂದೇ ಕಡೆ ಗುಂಪಾಗಿದ್ದರೆ, ಕಂಬ ಎತ್ತರ ಮಾಡಬೇಡಿ. ಆ ಕಡೆಯ ಒಂದು ಮನೆಯ ಮಾಳಿಗೆ ಮೇಲೆ ಇನ್ನೊಂದು ಚಿಕ್ಕ ಗೇಟ್‌ವೇ ಇಡಿ.