ರಾಮಾಚಾರಿ, ಜಲೀಲ, ಅಲಮೇಲು: ‘ನಾಗರಹಾವು’ ನೋಡಿದ ಮೇಲೆ ಏನು ನೋಡಬೇಕು?

ತಂಗಿ, ನೀವು ಕೇಳಿದ್ದಿಷ್ಟೇ: ‘ನಾಗರಹಾವು’ ಮೊದಲ ಸಲ ನೋಡಿದೆ, ಗುಂಗು ಇಳಿದಿಲ್ಲ, ಇದೇ ನಟರ ಇನ್ಯಾವ ಸಿನಿಮಾ ನೋಡಲಿ? ಅದಕ್ಕೆ ಉತ್ತರ ಕೊಡೋದು ಬಿಟ್ಟು ರಾಮಾಚಾರಿಯಾದ ವಿಷ್ಣು ದೊಡ್ಡವರೋ ಜಲೀಲನಾದ ಅಂಬಿ (ಅಂಬರೀಶ್) ದೊಡ್ಡವರೋ ಅಂತ ಇಲ್ಲಿ ಜಗಳ ಶುರುವಾಯ್ತು. ‘ರಾಮಾಚಾರಿಯಂಥ ಪಾತ್ರ ವಿಷ್ಣುಗೆ ಮತ್ತೆ ಸಿಗಲೇ ಇಲ್ಲ, ಆಮೇಲೆ ಬರೀ ಫೈಟಿಂಗ್’ ಅಂತ ಒಬ್ಬರು. ‘ಅಂಬರೀಶ್ ಯಾವ ಪಾತ್ರ ಮಾಡಿದರೂ ಅಂಬರೀಶೇ’ ಅಂತ ಇನ್ನೊಬ್ಬರು. ಎರಡನ್ನೂ ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತಾ ಹೋದರೆ ನಿಮಗೆ ಬೇಕಾದ ಪಟ್ಟಿಯೂ ಸಿಕ್ಕಿಬಿಡುತ್ತೆ.

ಮೊದಲು ಅಂಬರೀಶ್ ವಿಷಯ. 1972ರ ‘ನಾಗರಹಾವು’ವಿನಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಆತನಿಗೆ ಕೊಟ್ಟಿದ್ದು ಚಿಕ್ಕ ಪಾತ್ರ. ದಾರಿಯಲ್ಲಿ ಅಲಮೇಲುವನ್ನು ಕಾಡಿಸುವ ಪೋಲಿ ಜಲೀಲ. ‘ಬುಲ್‌ಬುಲ್, ಮಾತಾಡಕಿಲ್ವಾ’ ಅನ್ನೋ ಆ ರಾಗ ಇವತ್ತಿಗೂ ಜನರ ಬಾಯಲ್ಲಿದೆ. ಹೀಗೆ ಒಂದು ಮಾತಿನಿಂದಲೇ ಹೆಸರಾದ ಹುಡುಗನಿಗೆ ಅದೇ ಪುಟ್ಟಣ್ಣ 1975ರ ‘ಶುಭಮಂಗಳ’ದಲ್ಲಿ ಮೂಗನ ಪಾತ್ರ ಕೊಟ್ಟರು! ಬಾಯಿ ಕಟ್ಟಿಹಾಕಿ, ‘ಈಗ ಕಣ್ಣಲ್ಲಿ, ಕೈಯಲ್ಲಿ ನಟಿಸು’ ಅಂದ ಹಾಗೆ. ‘ಸೂರ್ಯಂಗೂ ಚಂದ್ರಂಗೂ ಬಂದಾರೆ ಮುನಿಸು’ ಹಾಡು ಬರುವಾಗ ಹಾಡುವವರನ್ನು ಬಿಟ್ಟು ಅಂಬರೀಶ್ ಮುಖವನ್ನೇ ನೋಡಿ. ಅವರು ಎಲ್ಲ ಕಡೆ ಒಂದೇ ಥರ ಅನ್ನೋರು ಆ ಹಾಡು ಮುಗಿಯೋವರೆಗೆ ಸುಮ್ಮನಿದ್ದು ನೋಡಲಿ.

1981 ಅವರ ಬದುಕಿನ ದೊಡ್ಡ ವರ್ಷ. ಆ ಒಂದೇ ವರ್ಷದಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ವೂ ಬಂತು, ಪುಟ್ಟಣ್ಣನವರ ‘ರಂಗನಾಯಕಿ’ಯೂ ಬಂತು. ‘ಅಂತ’ದ ಕನ್ವರ್‌ಲಾಲ್ ಪಾತ್ರ ಅಂಬರೀಶ್‌ರನ್ನು ರೆಬೆಲ್ ಸ್ಟಾರ್ ಮಾಡಿತು. ನಿರ್ಮಾಪಕರು ಅದೇ ದಾರಿ ಹಿಡಿದರು, ಜನಕ್ಕೂ ಅದೇ ಬೇಕಿತ್ತು. ಆದರೆ ನೀವು ಮೊದಲು ‘ರಂಗನಾಯಕಿ’ ನೋಡಿ. ಅಲಮೇಲುವನ್ನು ಬೀದಿಯಲ್ಲಿ ಗೋಳು ಹೊಯ್ಕೊಂಡಿದ್ದ ಅದೇ ಮುಖ ಇಲ್ಲಿ ಆ ಅಲಮೇಲು ಆಗಿದ್ದ ಆರತಿಯವರ ಗಂಡ. ನಾಟಕದವಳನ್ನು ಮೆಚ್ಚಿ ಮದುವೆಯಾಗ್ತಾನೆ, ಆಮೇಲೆ ಅವಳು ಬಣ್ಣ ಹಚ್ಚೋದು ಬೇಡ ಅಂತಾನೆ. ಅವನು ಖಳನಲ್ಲ, ಹೆಂಡತಿ ಮೇಲೆ ಪ್ರೀತಿಯೂ ಇದೆ. ಆ ಹಟ ಎಷ್ಟು ಸಹಜವಾಗಿ ಬಂದಿದೆ ಅಂದರೆ ನಮ್ಮ ನೆಂಟರ ಮನೆಯ ಗಂಡಸರೇ ಕಣ್ಮುಂದೆ ಬರ್ತಾರೆ.

ಆರತಿಯವರ ಹೆಸರು ಇಲ್ಲಿ ಯಾರೂ ಎತ್ತಲಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು. ನನ್ನ ಪ್ರಕಾರ ‘ನಾಗರಹಾವು’ ತಂಡದಲ್ಲಿ ಆಮೇಲಿನ ಹತ್ತು ವರ್ಷ ಅತ್ಯಂತ ಗಟ್ಟಿ ಪಾತ್ರಗಳನ್ನು ಮಾಡಿದವರು ಅವರೇ. ‘ಉಪಾಸನೆ’, ‘ಶುಭಮಂಗಳ’, ‘ರಂಗನಾಯಕಿ’ ಈ ಮೂರನ್ನೂ ಸಾಲಾಗಿ ನೋಡಿದರೆ ನಾನು ಹೇಳೋದು ಗೊತ್ತಾಗುತ್ತೆ. ‘ರಂಗನಾಯಕಿ’ಯ ಕೊನೆ ಭಾಗದಲ್ಲಿ, ತನ್ನನ್ನು ಮೆಚ್ಚಿ ಬಂದ ಹುಡುಗ ತಾನೇ ಹೆತ್ತ ಮಗ ಅನ್ನೋ ಸತ್ಯ ಎದುರಾಗುತ್ತಲ್ಲ, ಅದನ್ನು ತೂಗಿಸಿಕೊಂಡು ಹೋಗೋಕೆ ಬೇರೆ ಯಾರಿಗೆ ಸಾಧ್ಯವಿತ್ತು? ಎಂಬತ್ತರ ದಶಕದಲ್ಲೇ ನಟನೆ ಬಿಟ್ಟು ಹೊರನಡೆದರು. 2005ರಲ್ಲಿ ‘ಮಿಠಾಯಿ ಮನೆ’ ನಿರ್ದೇಶಿಸಿದರು. ಅವರ ಬಗ್ಗೆ ಚರ್ಚೆಯಾಗದಿರೋದಕ್ಕೆ ಅವರು ಕಣ್ಮರೆಯಾಗಿದ್ದೇ ಕಾರಣ ಇರಬೇಕು, ನಟನೆಯಲ್ಲಂತೂ ಕೊರತೆ ಇರಲಿಲ್ಲ.

ಇನ್ನು ವಿಷ್ಣುವರ್ಧನ್. ಪುಟ್ಟಣ್ಣನವರ ಜೊತೆ ಅವರು ಮತ್ತೆ ಸಿನಿಮಾ ಮಾಡಲಿಲ್ಲ ಅನ್ನೋದು ನಿಜ, ಆ ನೋವು ನಮಗೆಲ್ಲ ಇದೆ. ರಾಮಾಚಾರಿಯ ಕೋಪ ಮಾತ್ರ ಎತ್ತಿಕೊಂಡು, ಅದರೊಳಗಿದ್ದ ಪೆಟ್ಟು ತಿಂದ ಹುಡುಗನನ್ನು ಬಿಟ್ಟುಬಿಟ್ಟ ಸಿನಿಮಾಗಳು ಬಹಳ ಬಂದವು, ಅದೂ ನಿಜ. ಆದರೆ 1984ರ ‘ಬಂಧನ’ ನೋಡದೆ ‘ಬರೀ ಫೈಟಿಂಗ್’ ಅನ್ನಬೇಡಿ. ಡಾಕ್ಟರ್ ಹರೀಶ್ ಪ್ರೀತಿಸಿದ ನಂದಿನಿ ಬೇರೆಯವನ ಕೈ ಹಿಡಿದಿದ್ದಾಳೆ, ಇವನು ‘ನೂರೊಂದು ನೆನಪು’ ಹಾಡ್ತಾನೆ. ರಾಮಾಚಾರಿ ಆಗಿದ್ದರೆ ಕೋಟೆಯ ಬಂಡೆ ಅದುರುವ ಹಾಗೆ ಕೂಗ್ತಿದ್ದ. ಹರೀಶ್ ನಗ್ತಾನೆ. ದುಃಖವನ್ನೆಲ್ಲ ಆ ನಗುವಿನೊಳಗೆ ಇಟ್ಟುಕೊಂಡು ಹಾಡು ಮುಗಿಸ್ತಾನೆ. ಅಂಬರೀಶ್‌ಗೆ ‘ಅಂತ’ ಕೊಟ್ಟ ಅದೇ ರಾಜೇಂದ್ರಸಿಂಗ್ ಬಾಬು ವಿಷ್ಣುಗೆ ಇದನ್ನು ಕೊಟ್ಟರು, 1990ರಲ್ಲಿ ‘ಮುತ್ತಿನ ಹಾರ’ದ ಕೊಡವ ಯೋಧ ಅಚ್ಚಪ್ಪನನ್ನೂ ಕೊಟ್ಟರು. ಅವರಲ್ಲಿ ಎಷ್ಟು ಶಕ್ತಿ ಇತ್ತು ಅನ್ನೋದಕ್ಕೆ ಈ ಎರಡು ಸಾಕು. ರಾಮಾಚಾರಿ–ಅಲಮೇಲು ಜೋಡಿಯನ್ನೇ ಮತ್ತೆ ನೋಡೋ ಆಸೆ ಇದ್ದರೆ ‘ಹೊಂಬಿಸಿಲು’ ಇದೆ. ‘ನೀರ ಬಿಟ್ಟು ನೆಲದ ಮೇಲೆ ದೋಣಿ ಸಾಗದು’ ಆ ಸಿನಿಮಾದ್ದೇ. ‘ಭೂತಯ್ಯನ ಮಗ ಅಯ್ಯು’ ಬಿಡಬೇಡಿ. ಲೋಕೇಶ್ ಎದುರು ವಿಷ್ಣು ಗುಳ್ಳ ಅನ್ನೋ ಪಾತ್ರ ಮಾಡಿದ್ದಾರೆ. ರಾಮಾಚಾರಿ ರಾತ್ರಿ ಕಂಬಕ್ಕೆ ಕಟ್ಟಿಹಾಕ್ತಾನಲ್ಲ ಪ್ರಿನ್ಸಿಪಾಲರನ್ನು, ಆ ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯವೂ ಅದರಲ್ಲೇ ಇರೋದು.

ರಾಮಾಚಾರಿಯ ಚಾಮಯ್ಯ ಮೇಷ್ಟ್ರ ಬಗ್ಗೆಯೂ ಒಂದು ಮಾತು. ಆ ಪಾತ್ರ ಮಾಡಿದ ಕೆ.ಎಸ್. ಅಶ್ವತ್ಥ್ ಅವರದು ‘ಆಮೇಲಿನ ಬದುಕು’ ಅಂತ ಬೇರೆ ಮಾಡೋಕೆ ಬರಲ್ಲ. 1950ರ ದಶಕದಿಂದ ನಟಿಸ್ತಿದ್ದವರು, ಅಪ್ಪ, ಅಣ್ಣ, ಮೇಷ್ಟ್ರು ಎಲ್ಲ ಆಗಿದ್ದವರು. ‘ಕಸ್ತೂರಿ ನಿವಾಸ’ ನೋಡಿ. ‘ಮುತ್ತಿನ ಹಾರ’ದಲ್ಲೂ ಇದ್ದಾರೆ. ವಿಷ್ಣು ತೀರಿಕೊಂಡಿದ್ದು 2009ರ ಡಿಸೆಂಬರ್ 30ಕ್ಕೆ, ಮೇಷ್ಟ್ರು ಹೋಗಿದ್ದು ಮರು ತಿಂಗಳು, ಜನವರಿ 18ಕ್ಕೆ. ಆ ಮೂರು ವಾರ ಎಂಥ ಸಂಕಟ ಅನ್ನೋದು ಆಗ ಇದ್ದವರಿಗೆ ಗೊತ್ತು.

ನೋಡುವ ಕ್ರಮ ಹೀಗಿರಲಿ: ಮೊದಲು ‘ಶುಭಮಂಗಳ’, ಅದರ ಬೆನ್ನಿಗೇ ‘ರಂಗನಾಯಕಿ’. ಆಮೇಲೆ ‘ಬಂಧನ’, ‘ಮುತ್ತಿನ ಹಾರ’. ‘ಅಂತ’ ಯಾವಾಗ ಬೇಕಾದರೂ ನೋಡಿ, ಹಿಂಸೆ ಜಾಸ್ತಿ ಇದೆ, ಮಕ್ಕಳನ್ನು ಕೂರಿಸಿಕೊಂಡು ಬೇಡ. ‘ಮಸಣದ ಹೂವು’ ಕಡೆಗಿರಲಿ. ‘ನಾಗರಹಾವು’ ಥರ ಅದೂ ತ.ರಾ.ಸು. ಕಾದಂಬರಿ ಆಧರಿಸಿದ್ದೇ. ‘ನಾಗರಹಾವು’ವಿನ ಓಬವ್ವ ಜಯಂತಿ ಮತ್ತು ಜಲೀಲ ಇಬ್ಬರೂ ಅದರಲ್ಲಿದ್ದಾರೆ. ಅದು ಮುಗಿಯುವ ಮೊದಲೇ 1985ರ ಜೂನ್‌ನಲ್ಲಿ ಪುಟ್ಟಣ್ಣ ತೀರಿಕೊಂಡರು, ಉಳಿದದ್ದನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು. ‘ನಾಗರಹಾವು’ ಮತ್ತೆ ನೋಡುವುದಾದರೆ 2018ರಲ್ಲಿ ಶುದ್ಧಗೊಳಿಸಿ ಬಿಡುಗಡೆ ಮಾಡಿದ ಪ್ರತಿಯನ್ನೇ ಹುಡುಕಿ. ಮಸುಕು ಪ್ರತಿಯಲ್ಲಿ ‘ಬಾರೆ ಬಾರೆ’ಯ ಸ್ಲೋಮೋಷನ್ ನೋಡೋದು ಆ ಹಾಡಿಗೆ ಮಾಡುವ ಅನ್ಯಾಯ.

‘ಉಪಾಸನೆ’ಯ ಒಳ್ಳೆ ಪ್ರತಿ ಎಲ್ಲಾದರೂ ಸಿಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ಕೆಳಗೆ ತಿಳಿಸಿ. ಈ ತಂಗಿಗೂ ಬೇಕು, ನನಗೂ ಬೇಕು.