ಉತ್ತರ: ಲಿಬ್‌ಜಿಸಿಸಿ ಹಂತದಾಗ ‘ಸಿಆರ್‌ಟಿಐ.ಓ’ ಸಿಗವಲ್ದು

ಬೆಳಗಾವಿ ಕಾಲೇಜ್ ಲ್ಯಾಬಿನ ಆರ್ಮ್ ಪ್ರೊಸೆಸರ್ ಬೋರ್ಡಿಗೆ ಟೂಲ್‌ಚೈನ್ (ಪ್ರೋಗ್ರಾಂ ಕಟ್ಟೂ ಸಾಧನಗಳ ಸೆಟ್) ಕಟ್ಟೂವಾಗ, ಲಿಬ್‌ಜಿಸಿಸಿ (ಜಿಸಿಸಿ ಕಂಪೈಲರಿನ ಸಹಾಯಕ ಲೈಬ್ರರಿ) ಹಂತದಾಗ ‘ಸಿಆರ್‌ಟಿಐ.ಓ ಇಲ್ಲ’ ಅಂತ ನಿಲ್ತೈತಿ ಅಂದ್ರಲ್ರೀ, ಅದು ಪ್ರೋಗ್ರಾಂ ಶುರು ಮಾಡೂ ಕೋಡಿನ ಫೈಲ್. ಜಿಸಿಸಿ ಕೆಟ್ಟಿಲ್ಲ, ನಿಮ್ಮ ಸ್ಕ್ರಿಪ್ಟಿನ್ಯಾಗ ಕ್ರಮ ತಪ್ಪೈತಿ. ಮೊದಲು ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್), ಲಿನಕ್ಸ್ ಕರ್ನಲ್ ಹೆಡರ್, ಆಮೇಲೆ ಬರೇ ಕಂಪೈಲರ್ ಕಟ್ಟೂ ‘ಮೇಕ್ ಆಲ್-ಜಿಸಿಸಿ’ ಅಷ್ಟ. ಬರೇ ‘ಮೇಕ್’ ಕೊಟ್ರ ಇನ್ನೂ ಹುಟ್ಟದ ಜಿಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿ) ಕೇಳ್ತೈತಿ.

ಈಗ ಜಿಲಿಬ್‌ಸಿ ಹೆಡರ್ ಹಾಕಿ, ‘ಮೇಕ್ ಸಿಎಸ್‌ಯು/ಸಬ್‌ಡಿರ್_ಲಿಬ್’ ಓಡಿಸ್ರಿ. ಬಂದ ಸಿಆರ್‌ಟಿ1, ಸಿಆರ್‌ಟಿಐ, ಸಿಆರ್‌ಟಿಎನ್ ಮೂರೂ ಲಿಬ್ ಫೋಲ್ಡರಿಗೆ ಕಾಪಿ ಮಾಡ್ರಿ. ಸ್ಟಬ್ಸ್.ಎಚ್ ಅನ್ನೂ ಹೆಡರ್ ಫೈಲ್ ಖಾಲಿ ಇದ್ರೂ ನಡೀತೈತಿ, ಲಿಬ್‌ಸಿ.ಎಸ್‌ಓ (ಸಿ ಲೈಬ್ರರಿ ಫೈಲ್, ಸದ್ಯಕ್ಕ ನಕಲಿ) ಮಾತ್ರ ಹೊಸ ಜಿಸಿಸಿಯಿಂದ ‘/ಡೆವ್/ನಲ್’ ಅನ್ನೂ ಖಾಲಿ ಫೈಲ್ ಕಂಪೈಲ್ ಮಾಡಿ ತಗೀರಿ. ಆಮೇಲೆ ಲಿಬ್‌ಜಿಸಿಸಿ, ಜಿಲಿಬ್‌ಸಿ, ಕಡೀಕ ಪೂರ್ತಿ ಜಿಸಿಸಿ.

ಭಾಳ ಮಂದಿ ಎಡವೂದು ಇಲ್ಲೆ: ಜಿಲಿಬ್‌ಸಿಗೆ ಆರ್ಮ್ ಹೆಸರು ‘--ಹೋಸ್ಟ್’ (ಲೈಬ್ರರಿ ಓಡೂ ಯಂತ್ರ) ಆಯ್ಕೆಗೆ ಕೊಡಬೇಕ್ರಿ, ‘--ಟಾರ್ಗೆಟ್’ಗಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನ ಕೆಳಗ ‘ಸೆಟ್ -ಇ’ ಹಾಕ್ರಿ, ಇಲ್ಲಾಂದ್ರ ಒಂದು ಹಂತ ಬಿದ್ರೂ ಮುಂದಿಂದು ಓಡ್ತಾನ ಇರ್ತೈತಿ. ಹಳೇ ಬಿಲ್ಡ್ ಫೋಲ್ಡರ್ ಅಳಿಸೇ ಶುರು ಮಾಡ್ರಿ.